ಮೂರು ಸಿಲೋನ್ ಸ್ಟಾಂಪು

ನಾಪೋಕ್ಲು, ಕೊಡಗು ರಾಜ್ಯ
೯ ಫೆಬ್ರವರಿ ೧೯೫೬

ನನ್ನ ಕಾಳಮ್ಮನಿಗೆ, ನಿನ್ನ ಶಕುಂತಲೆಯ ನೆನಪುಗಳು.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಮಗಳಿಗೆ ಸ್ಟಾಂಪಿನ ಹುಚ್ಚು ಹಿಡಿದಿದೆ, ಈಗಿನವುಗಳಲ್ಲಿ ಟ್ರಾಕ್ಟರು, ಅಣೆಕಟ್ಟು ಬಿಟ್ಟರೆ ಏನಿದೆ, ನಿನ್ನ ಹಳೆಯ ಆಲ್ಬಮ್ಮಿನಿಂದ ನಾಲ್ಕು ಕಳಿಸು ಎಂದು ನೀನು ಬರೆದಿದ್ದೆ. ನಿಜ ಕಣೇ. ನಮ್ಮ ಸ್ಕೂಲಿನ ಮಕ್ಕಳಿಗೂ ಇವು ಬೇಡ. ಹಳೆಯದರಲ್ಲಿ ಗೆರೆಗಳು ಉಗುರಿಗೆ ತಗಲುತ್ತಿದ್ದವು, ಒಂದೊಂದು ಎಲೆಯನ್ನೂ ಯಾರೋ ಕೂತು ಕೆತ್ತಿದ್ದಾರೆಂದು ತಿಳಿಯುತ್ತಿತ್ತು. ಈಗಿನದು ಪೇಪರಿನಲ್ಲಿ ಬಂದ ಫೋಟೋ ಕತ್ತರಿಸಿದ ಹಾಗೆ. ಆದರೆ ಅಂದ ಚೆಂದದ ಮಾತು ಬರೆಯಲು ನನಗೆ ಯೋಗ್ಯತೆಯಿಲ್ಲ. ಯಾಕೆಂದು ಹೇಳುತ್ತೇನೆ.

ವಿರಾಜಪೇಟೆ ಕಡೆಯ ಆ ಎಸ್ಟೇಟು ನೆನಪಿದೆಯಲ್ಲ. ನಮ್ಮಪ್ಪ ಲೆಕ್ಕ ಬರೆಯುವ ರೈಟರು, ನೀವು ಕೂಲಿಯವರ ಲೈನ್ ಮನೆಯಲ್ಲಿದ್ದಿರಿ. ನಿನ್ನಪ್ಪ ಗುಂಡಣ್ಣ ಸಿಲೋನಿನ ರಬ್ಬರ್ ತೋಟಕ್ಕೆ ಹೋಗಿದ್ದ. ಅಲ್ಲಿದ್ದ ಕೊಳ್ಳೇಗಾಲದವನೊಬ್ಬನಿಂದ ಬರೆಸಿ ಕಾಗದ ಹಾಕುತ್ತಿದ್ದ. ನಿಮ್ಮ ಮನೆಯಲ್ಲಿ ಆಗ ಯಾರಿಗೂ ಓದು ಬಾರದು, ನಿಮ್ಮವ್ವ ಜವರಿ ಅದನ್ನು ನನ್ನ ಹತ್ತಿರ ಓದಿಸುತ್ತಿದ್ದಳು. ಹನ್ನೊಂದು ವರ್ಷದ ನನಗೆ ಓದಿದ ಕೂಲಿ ಎಂದರೆ ಸ್ಟಾಂಪು. ಅದರಲ್ಲಿ ರಬ್ಬರ್ ಮರಕ್ಕೆ ಕತ್ತಿ ಹಾಕುವ ಕೂಲಿಯವನೊಬ್ಬನಿದ್ದ. ಅವನೇ ನಿನ್ನಪ್ಪ ಎಂದು ನಾವಿಬ್ಬರೂ ತೀರ್ಮಾನಿಸಿದ್ದೆವು. ಹೊಸ ಬಳೆ ತೊಟ್ಟರೆ ನೀನು ಓಡಿಬಂದು ಅವನಿಗೆ ತೋರಿಸುತ್ತಿದ್ದೆ.

ಕೊನೆಯ ಕಾಗದ ೧೯೩೯ರಲ್ಲಿ, ಕಾಫಿ ಕೊಯ್ಲಿನ ಕಾಲಕ್ಕೆ ಬಂತು. ಕವರಿಲ್ಲದ ಹಾಳೆ, ಒಳಗೆ ಬರೆದು, ಮಡಿಸಿ, ಹೊರಗೆ ಸ್ಟಾಂಪು ಹಚ್ಚಿದ್ದರು. ಒಂದಲ್ಲ, ಸಾಲಾಗಿ ಮೂರು. ನನಗೆ ತಡೆಯಲಾಗಲಿಲ್ಲ. ಓದುವ ಮೊದಲೇ ಕತ್ತರಿ ಹಾಕಿದೆ. ಬಿಡಿಸಿದರೆ ಹಾಳೆಯ ನಡುವೆ ತೂತು. ಅದರ ಮೇಲಿನ ಸಾಲಿನಲ್ಲಿ ‘ನಾನಾಗಿ ಊರಿಗೆ ಬರಲಾರೆ’ ಎಂದಿತ್ತು. ಕೆಳಗೆ ‘ಕಾಯುತ್ತಾ ಕೂರಬೇಡಿ’ ಎಂದಿತ್ತು. ಎರಡನ್ನೂ ಸೇರಿಸಿ ಓದಿದೆ. ಈ ತೂತಲ್ಲಿ ಏನ್ ಬರ್ದಿತ್ತು ಅಮ್ಮಣ್ಣಿ ಎಂದು ನಿಮ್ಮವ್ವ ಕೇಳಿದಳು. ಏನೂ ಇಲ್ಲ, ಖಾಲಿ ಜಾಗ ಎಂದೆ.

ಆಮೇಲಿನದು ನಿನಗೇ ಗೊತ್ತು. ಗುಂಡಣ್ಣ ಅಲ್ಲಿ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದಾನೆ ಎಂದು ಲೈನಿನವರೆಲ್ಲ ಆಡಿಕೊಂಡರು. ನಿಮ್ಮವ್ವ ತಾಳಿ ಬಿಚ್ಚಿ ಡಬ್ಬಿಗೆ ಹಾಕಿದಳು, ಸಾಯುವಾಗಲೂ ಅವನ ಹೆಸರೆತ್ತಲಿಲ್ಲ. ನಿನ್ನ ಮದುವೆಯಲ್ಲಿ ಯಾರೋ ಕೇಳಿದ್ದಕ್ಕೆ, ನನಗೆ ಅಪ್ಪನೇ ಇಲ್ಲ ಎಂದೆಯಲ್ಲ, ಆಗ ನಾನು ನಿನ್ನ ಪಕ್ಕದಲ್ಲೇ ಇದ್ದೆ.

ಮೊನ್ನೆ ನಿನ್ನ ಮಗಳಿಗೆಂದು ಆ ಮೂರು ಸ್ಟಾಂಪನ್ನು ಕಾಗದದ ಚೂರಿನಿಂದ ಬಿಡಿಸಲು ಬಟ್ಟಲಿನ ನೀರಿಗೆ ಹಾಕಿದೆ. ಚೂರು ಮಗುಚಿಕೊಂಡಿತು. ಬೆನ್ನಿನಲ್ಲಿ ಅಕ್ಷರಗಳಿದ್ದವು: ‘ಮರ ಬಿದ್ದು ಸೊಂಟ ಹೋಗಿದೆ. ಡಿಸೆಂಬರ್ ಹತ್ತಕ್ಕೆ ತೂತುಕುಡಿಯಲ್ಲಿ ಹಡಗಿನಿಂದ ಇಳಿಸುತ್ತಾರೆ. ಬೊಮ್ಮನನ್ನು ಕಳಿಸಿ. ಮನೆಯಲ್ಲಿ’. ಅಷ್ಟೇ. ಇನ್ನುಳಿದ ‘ಕಾಯುತ್ತಾ ಕೂರಬೇಡಿ’ ನಿಮ್ಮ ಮನೆಯಲ್ಲಿತ್ತು.

ನಿನ್ನ ಸೋದರಮಾವ ಬೊಮ್ಮ ಆಗ ಗಟ್ಟಿಮುಟ್ಟಾಗಿದ್ದ. ಹೇಳಿದ್ದರೆ ಅಂದೇ ಹೊರಡುತ್ತಿದ್ದ. ಕನ್ನಡ ಬರೆಯುವವರು ಯಾರೂ ಇಲ್ಲದ ಆ ಊರಿನ ಬಂದರಿನಲ್ಲಿ, ಎದ್ದು ನಿಲ್ಲಲಾಗದವನು, ಎಷ್ಟು ದಿನ ನಮ್ಮ ಕಡೆಯ ಮುಖ ಹುಡುಕಿದನೋ. ಆಮೇಲೆ ಏನಾದನೋ.

ಕ್ಷಮಿಸು ಎಂದು ಕೇಳುವುದಿಲ್ಲ. ನಿನ್ನಪ್ಪ ನಿಮ್ಮನ್ನು ಬಿಟ್ಟುಹೋದವನಲ್ಲ, ಅಷ್ಟು ನಿನಗೆ ತಿಳಿಯಬೇಕು. ಚೂರನ್ನು ಇದರಲ್ಲೇ ಇಟ್ಟಿದ್ದೇನೆ. ಸ್ಟಾಂಪನ್ನು ಮಗಳಿಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಇಂತು,
ಶಕುಂತಲೆ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಚೂರನ್ನು ನೋಡಿದರೆ ನೀನೇ ಹಿಡಿಯುತ್ತೀಯ. ಶಾಯಿ ಒಂದಿಷ್ಟೂ ಹರಡಿಲ್ಲ. ನಾನು ಅದನ್ನು ನೀರಿಗೆ ಹಾಕೇ ಇಲ್ಲ ಕಾಳೀ. ಆಲ್ಬಮ್ಮಿನಲ್ಲಿ ಒಂದು ಅಂಚಿಗೆ ಮಾತ್ರ ಅಂಟು ಹಚ್ಚಿದ್ದೆ, ಮಗುಚಿ ಓದಬಹುದಿತ್ತು. ಅಂಟಿಸಿದ ಸಂಜೆಯೇ ಓದಿದೆ. ಹೇಳಿದರೆ ಅಪ್ಪ ಹೊಡೆಯುತ್ತಾರೆ, ಸ್ಟಾಂಪು ವಾಪಸು ಕೊಡಬೇಕಾಗುತ್ತದೆ ಎಂದು ಸುಮ್ಮನಾದೆ. ಅಂದು ಡಿಸೆಂಬರ್ ಮೂರು. ಇನ್ನೂ ಏಳು ದಿನವಿತ್ತು.