ನಾಲ್ಕು ಸಾವಿರ ಪ್ರೊಸೆಸರ್, ಸಾಕಾಗದ ನಂಬರು

ಅಕ್ಟೋಬರ್ 6, ಸೋಮವಾರ

ಮತ್ತದೇ ಗೋಳು. ಸೂಪರ್‌ಕಂಪ್ಯೂಟರಿಗೆ ಪವರ್ ಕೊಟ್ಟೆವು, ಮೆಷಿನ್ ಅರ್ಧ ಎದ್ದು ಅಲ್ಲೇ ಸಿಕ್ಕಿಕೊಂಡಿತು. ಹಳೇ ಬೋರ್ಡುಗಳ ಎರಡು ಸಾವಿರ ಪ್ರೊಸೆಸರ್ ಇದ್ದಾಗ ತಕರಾರಿಲ್ಲದೆ ಏಳ್ತಿತ್ತು. ತೌ ವಾಂಗ್ ಮಾಡಿದ ಹೊಸ ಬೋರ್ಡು ಸೇರಿಸಿ ನಾಲ್ಕು ಸಾವಿರ ಮಾಡಿದ ಮೇಲೆ — ಊಹೂಂ.

ಮ್ಯಾನೇಜರ್ ಗೋರ್ಡಿ ಆಗಲೇ ತೀರ್ಪು ಕೊಟ್ಟಾಯ್ತು. "ಇದರಲ್ಲಿ ತಲೆ ಕೆಡಿಸ್ಕೊಳ್ಳೋದೇನಿದೆ ಆರ್ಡಿಸ್? ತೌ ಬೋರ್ಡೇ ಕೆಟ್ಟಿರೋದು. ಹದಿನೇಳಕ್ಕೆ ಮೆಷಿನ್ ಕೊಳ್ಳೋ ಲ್ಯಾಬ್‌ನವರು ನೋಡೋಕೆ ಬರ್ತಾರೆ. ಅಷ್ಟರಲ್ಲಿ ಏಳದಿದ್ರೆ ಬೋರ್ಡೂ ಆಚೆ, ಅವನೂ ಆಚೆ."

ತೌ ಪಕ್ಕದಲ್ಲೇ ಇದ್ದ! ಮುಂದಿನ ತಿಂಗಳು ಅವನ ಹೆಂಡತಿಗೆ ಹೆರಿಗೆ. ನನಗೆ ಮೈಯೆಲ್ಲ ಉರಿಯಿತು.

ಅಕ್ಟೋಬರ್ 8

ಹಳೇ ಬೋರ್ಡು ಪೂರ್ತಿ ಕಿತ್ತು, ತೌನವು ಮಾತ್ರ ಹಾಕಿದೆ. ಎದ್ದಿತು! ಹಳೇವು ಮಾತ್ರ ಹಾಕಿದೆ. ಎದ್ದಿತು. ಎರಡೂ ಸೇರಿಸಿದರೆ ಮಲಗುತ್ತೆ. ಬೋರ್ಡಿನದಲ್ಲ ತಪ್ಪು, ಮೆಷಿನನ್ನು ಎಬ್ಬಿಸಿ ನಡೆಸೋ ಮೂಲ ಸಾಫ್ಟ್‌ವೇರ್ ಕರ್ನೆಲ್‌ನದು. ನಮ್ಮದೇ!

ಮೆಷಿನ್‌ನಲ್ಲಿ ಓಡೋ ಪ್ರತಿ ಪ್ರೊಸೆಸ್‌ಗೂ, ಅಂದ್ರೆ ಪ್ರತಿ ಕೆಲಸಕ್ಕೂ, ಒಂದು ನಂಬರು ಬೇಕು. ಕರ್ನೆಲ್ ಮೂವತ್ತೆರಡು ಸಾವಿರ ಚಿಲ್ಲರೆಗೆ ಕೈ ಎತ್ತುತ್ತೆ. ಒಂದೊಂದು ಪ್ರೊಸೆಸರೂ ಏಳುವಾಗ ಹತ್ತು ಸಹಾಯಕ ಪ್ರೊಸೆಸ್ ಕಟ್ಟಿಕೊಂಡೇ ಏಳುತ್ತೆ. ನಾಲ್ಕು ಸಾವಿರಕ್ಕೆ ನಲವತ್ತು ಸಾವಿರ. ನಂಬರೇ ಖಾಲಿ... ಇಷ್ಟೇ!

ಗೋರ್ಡಿ ಅಂದ, "ಬಾಯಿಮಾತು ಬೇಡ. ಎಬ್ಬಿಸಿ ತೋರಿಸು."

ಅಕ್ಟೋಬರ್ 10

ಮಿತಿಯನ್ನು ನಲವತ್ತು ಲಕ್ಷಕ್ಕೆ ಏರಿಸಿ, ಕೋಡ್ ತಿದ್ದುಪಡಿಯ ಪ್ಯಾಚನ್ನು ಕರ್ನೆಲ್ ಲಿಸ್ಟ್‌ಗೆ, ಅಂದ್ರೆ ಕರ್ನೆಲ್ ಬರೆಯೋರೆಲ್ಲ ಸೇರಿರೋ ಇಮೇಲ್ ಗುಂಪಿಗೆ, ಕಳಿಸಿದ್ದೆ. ಆ ಲಿಸ್ಟ್ ಒಪ್ಪದ ಕೋಡನ್ನು ಲ್ಯಾಬ್‌ನವರು ಮುಟ್ಟೋದೂ ಇಲ್ಲ. ಆ ಭಾಗ ನೋಡಿಕೊಳ್ಳೋ ಫರ್ಗಸ್ ಎಲ್ಲರೆದುರು ಉಗಿದ: "ನಿಮ್ಮನೆ ಆನೆ ನುಗ್ಗಲ್ಲ ಅಂತ ಊರವರ ಬಾಗಿಲೆಲ್ಲ ಒಡೀಬೇಕಾ? ಪುಟ್ಟ ಮೆಷಿನ್‌ಗೆ ಇಷ್ಟು ಯಾಕೆ?"

ಹಾಳಾದವನು. ಹೇಳಿದ್ದು ಸರಿಯೇ, ಅದೇ ಸಿಟ್ಟು.

ಅಕ್ಟೋಬರ್ 14

ಹೊಸ ದಾರಿ — ಎಷ್ಟು ಪ್ರೊಸೆಸರೋ ಅಷ್ಟಕ್ಕೆ ತಕ್ಕ ಮಿತಿ, ಮೆಷಿನ್ ಏಳುವಾಗ ತಾನೇ ಲೆಕ್ಕ ಹಾಕಿಕೊಳ್ಳೋದು. ಚಿಕ್ಕ ಮೆಷಿನ್‌ಗೆ ಹಳೇ ಮಿತಿಯೇ. ಜಂಬದಿಂದ ಹಾಕಿ ಪವರ್ ಕೊಟ್ಟೆ.

ಮತ್ತೆ ಮಲಗಿತು!

ತೌ ಹೆಗಲ ಮೇಲಿಂದ ಬಗ್ಗಿ ಕೋಡ್ ಓದಿದ. ನಗೋಕೆ ಶುರು ಮಾಡಿದ. "ಎಚ್ಚರ ಇರೋ ಪ್ರೊಸೆಸರ್ ಎಣಿಸ್ತಿದೀಯಲ್ಲೇ ಮಾರಾಯ್ತಿ! ಆ ಹೊತ್ತಿಗೆ ಒಂದೇ ಎದ್ದಿರೋದು. ಮಿಕ್ಕವು ಇನ್ನೂ ಗೊರಕೆ ಹೊಡೀತಿರ್ತವೆ."

ಮದುವೆ ಊಟಕ್ಕೆ ಬೆಳಿಗ್ಗೆ ಐದಕ್ಕೇ ತಲೆ ಎಣಿಸಿದಂಥ ಬುದ್ಧಿ ನಂದು. ಎದ್ದವನ್ನಲ್ಲ, ಏಳಬಹುದಾದವನ್ನೆಲ್ಲ ಎಣಿಸಬೇಕು. ಒಂದು ಪದ ಬದಲಿಸಿದೆ.

ಎದ್ದಿತು. ನಾಲ್ಕು ಸಾವಿರವೂ! ತೌನನ್ನು ತಬ್ಬಿಕೊಂಡು ಕುಣಿದೆ. ಪ್ಯಾಚನ್ನು ಲಿಸ್ಟ್‌ಗೆ ಕಳಿಸಿದೆ. ಇನ್ನು ಫರ್ಗಸ್ ಬಾಯಿ ಬಿಡಬೇಕು.

ಅಕ್ಟೋಬರ್ 17, ಬೆಳಿಗ್ಗೆ

ಫರ್ಗಸ್: "ಸೇರಿಸಿದೆ. ಥ್ಯಾಂಕ್ಸ್." ಆ ಮನುಷ್ಯನ ಬಾಯಲ್ಲಿ ಥ್ಯಾಂಕ್ಸ್! ಕುರ್ಚಿ ಮೇಲೆ ಹತ್ತಿ ಕಿರುಚಿದೆ. ಲ್ಯಾಬ್‌ನವರ ಕಾರು ಬಂತು.

ಸಂಜೆ

ಗೆದ್ದೆವು ಗೆದ್ದೆವು ಗೆದ್ದೆವು. ಒಂದೇ ಸಲಕ್ಕೆ ಎದ್ದಿತು. ಲ್ಯಾಬ್‌ನ ಹೆಂಗಸು ಹೊಸ ಬೋರ್ಡು ಮುಟ್ಟಿ ಕೇಳಿದಳು, "ಇವು ಯಾರ ಕೆಲಸ?" ಗೋರ್ಡಿ ಗಂಟಲು ಸರಿಮಾಡಿಕೊಂಡ. "ತೌ ವಾಂಗ್‌ದು. ನಾನೇ ಅನುಮಾನ ಪಟ್ಟಿದ್ದೆ, ತಪ್ಪು ನಂದು." ಎಲ್ಲರೆದುರಿಗೇ ಹೇಳಿದ. ಅಷ್ಟರಮಟ್ಟಿಗೆ ಮೆಚ್ಚಿದೆ.

ಅವಳಿಗೆ ಇನ್ನೂ ಇಷ್ಟೇ ಬೋರ್ಡು ಬೇಕಂತೆ. ಅವಳ ಕಾರು ತಿರುಗಿದ್ದೇ ತಡ, ತೌ ಜಾಕೆಟ್ ಹಾಕಿಕೊಂಡ, ಬೆನ್ನಿಗೆ ಬ್ಯಾಗು ಏರಿಸಿದ, ಬಾಗಿಲಿಗೆ ಹೋಗಿ ನಿಂತ. "ಸರಿ ಗೋರ್ಡಿ, ನಾನು ಆಚೆ ಹೊರಟೆ. ಹೊಸ ಬೋರ್ಡು ಯಾರ ಕೈಲಿ ಮಾಡಿಸ್ತೀಯಪ್ಪಾ?"

ಗೋರ್ಡಿ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ. "ನಿನ್ನ ಕೈಲೇ ಕಣೋ! ಮೊದಲು ಆ ಬ್ಯಾಗು ಇಳಿಸು."