ಅವ್ವ ಕಿವಿಯಲ್ಲಿ ಹೇಳಿದ ಮಾತು

ಪಾಂಡವಪುರ
೧೪-೭-೧೯೯೬, ಭಾನುವಾರ

ಪ್ರೀತಿಯ ಅಕ್ಕನಿಗೆ ಪ್ರಮೀಳಾ ಮಾಡುವ ನಮಸ್ಕಾರಗಳು.

ಈಗ ಮಧ್ಯಾಹ್ನ ಮೂರು ಗಂಟೆ. ಬೆಳಗ್ಗೆ ಕೊಟ್ಟಿಗೆ ಗುಡಿಸಿ, ಡೈರಿಗೆ ಹಾಲು ಹಾಕಿ ಬಂದು, ಹುರುಳಿಕಾಳಿನ ಬಸ್ಸಾರು ಮಾಡಿದೆ. ಮರೆತು ಎರಡೆರಡು ಸಲ ಹಾಕುವ ಉಪ್ಪು ಇವತ್ತು ಒಂದೇ ಸಲ ಬಿದ್ದಿತ್ತು. ಅತ್ತೆ ಒಂದು ತುತ್ತು ನುಂಗಿ, "ಏನವ್ವಾ, ಇವತ್ತು ಒಲೆ ಮುಂದೆ ಬ್ಯಾರೆ ಯಾರಾರ ಕೂತಿದ್ರಾ?" ಅಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ನಿನ್ನ ಎರಡು ಕಾಗದಕ್ಕೂ ನಾನು ಉತ್ತರ ಬರೆಯಲಿಲ್ಲ. ತಪ್ಪು ತಿಳಿಯಬೇಡ. ಭಾವನಿಗೆ ಫ್ಯಾಕ್ಟರಿಯಲ್ಲಿ ರಜ ಸಿಗಲಿಲ್ಲ, ಅದಕ್ಕೇ ಕಾರಹುಣ್ಣಿಮೆಗೆ ಬರಲಿಲ್ಲ ಎಂದು ಬರೆದಿದ್ದೀಯ. ಅದು ಕಾರಣವಲ್ಲ ಎಂದು ನನಗೆ ಗೊತ್ತು. ಅವ್ವ ತೀರಿಕೊಂಡ ದಿನ ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಏನು ಹೇಳಿದಳು ಎಂದು ಎರಡರಲ್ಲೂ ಕೇಳಿದ್ದೀಯ. ಈ ಕಾಗದ ಮುಗಿಯುವುದರೊಳಗೆ ಅದಕ್ಕೆ ಉತ್ತರ ಬರೆಯುತ್ತೇನೆ. ಮೊದಲು ನಗುವ ಸುದ್ದಿ ಕೇಳು.

ಬೆಂಗಳೂರಿನಿಂದ ಡಾಕ್ಟರುಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದಾರೆ. ನನ್ನ ಹಾಗೆ ಮೂರ್ಛೆ ಬರುವವರಿಗೆ ದಿನನಿತ್ಯದ ಮರೆವು ಹೇಗಿರುತ್ತದೆ ಎಂದು ಸಂಶೋಧನೆ ಮಾಡುತ್ತಾರಂತೆ. ಮೊದಲ ಸಲ ಹೋದಾಗ ಎರಡು ಹಾಳೆ ಕೊಟ್ಟು ಕಳಿಸಿದರು. ಏನೇನು ಮರೆತೆ ಎಂದು ದಿನಾ ಒಂದರಲ್ಲಿ ನಾನು ಗುರುತು ಹಾಕಬೇಕು, ಇನ್ನೊಂದರಲ್ಲಿ ಮನೆಯವರು. ಒಬ್ಬರದನ್ನು ಒಬ್ಬರು ನೋಡಬಾರದು. ಅತ್ತೆಗೆ ಓದು ಬರುವುದಿಲ್ಲವಲ್ಲ, ಜಗಲಿ ಮೇಲೆ ಕುಳಿತು ಮಗನ ಕೈಲಿ ಬರೆಸಿದರು. ಬೀದಿಗೆಲ್ಲ ಕೇಳುವ ಹಾಗೆ!

"ಬರ್ಕೊಳ್ಲಾ, ಇವತ್ತು ಡೈರೀಲಿ ಕ್ಯಾನು ಬುಟ್ ಬಂದು, ಮನೆಯೆಲ್ಲಾ ಕ್ಯಾನು ಹುಡುಕುದ್ಲು."

"ಅತ್ತೆ, ಅದು ಇವತ್ತಲ್ಲ, ಮೊನ್ನೆ" ಎಂದು ನಾನು ಒಳಗಿಂದಲೇ ಹೇಳಿದೆ.

"ನೋಡ್ಲಾ, ನೆಪ್ಪೈತೆ ಅವಳ್ಗೆ! ವಡ್ದಾಕು ಅದ್ನ."

ಮೊನ್ನೆ ಶುಕ್ರವಾರ ಹಾಳೆ ಹಿಡಿದುಕೊಂಡು ಮೂವರೂ ಹೋದೆವು. ಪರೀಕ್ಷೆ ಮಾಡಿದ್ದು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೊಡೆ, ಬೆಲ್ಲ, ಕನ್ನಡಿ, ಕುಡುಗೋಲು ಎಂದು ಒಂದಷ್ಟು ಪದ ಓದಿ, ತಿರುಗಿ ಹೇಳು ಅಂದರು. ಒಂದು ಪುಟ್ಟ ಕಥೆ ಹೇಳಿದರು, ಒಂದು ಚಿತ್ರ ತೋರಿಸಿ ಮುಚ್ಚಿಟ್ಟು ಬರೆಸಿದರು. ಬೇರೆ ಮಾತಾಡಿ, ಕಾಫಿ ಕುಡಿಸಿ, ಅದೇ ಪದಗಳನ್ನು ಮತ್ತೆ ಕೇಳಿದರು. ಆಗಲೇ ಹೇಳುವುದು ಸುಲಭ ಅಕ್ಕ. ಕಾಫಿ ಆದ ಮೇಲೆ ಬೆಲ್ಲ ಒಂದೇ ಉಳಿದಿತ್ತು.

ಆಮೇಲೆ ಮನೆಯಲ್ಲಿರುವವರ ಹೆಸರು ಕೇಳಿದರು. ಅತ್ತೆಯದು ಪುಟ್ಟತಾಯಮ್ಮ ಅಂದೆ. "ಗಂಡನ ಹೆಸರು?" ಅಂದರು. ಅತ್ತೆ ಪಕ್ಕದಲ್ಲೇ ಕುಳಿತಿದ್ದಾರೆ, ಹೇಗೆ ಹೇಳಲಿ? ತಲೆ ತಗ್ಗಿಸಿದೆ. ಡಾಕ್ಟರಮ್ಮ ಸ್ವಲ್ಪ ಕಾದು, ಮುಖ ಸಪ್ಪೆ ಮಾಡಿಕೊಂಡು, ಮರೆತಿದ್ದಾಳೆ ಎಂದು ಗುರುತು ಹಾಕಿದರು. ಅತ್ತೆ ಎದ್ದು ನಿಂತರು.

"ಅಯ್ಯೋ, ಮರ್ತಿಲ್ಲ ಕಣವ್ವಾ ಅವ್ಳು! ಗಂಡನ್ ಎಸ್ರ ಎಂಗ್ ಏಳಾಳು? ಮದ್ವೆ ಆದಾಗಿಂದ ನಾನೂವೆ ಏಳಿಲ್ಲ. ಅಂಗಾದ್ರೆ ನನ್ನೂವೆ ಮರ್ಗುಳಿ ಅಂತ ಬರ್ಕೊ!"

ಬಾಗಿಲ ಹತ್ತಿರ ನಿಂತಿದ್ದ ಇವರು, "ಇನ್ನು ನನ್ನೆಸ್ರು ಬೆಂಗ್ಳೂರ್ಗೆಲ್ಲಾ ಮರ್ತೋದ ಎಸ್ರು ಅಂತ ಓಗ್ಬುಡ್ತದೆ, ಬುಡವ್ವ" ಅಂದರು. ಡಾಕ್ಟರಮ್ಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗುರುತು ಹೊಡೆದುಹಾಕಿ, ಈ ಪ್ರಶ್ನೆಯನ್ನು ನಾಳೆಯಿಂದ ಕೇಳುವುದಿಲ್ಲ ಅಂದರು. ಅವ್ವ ಹೋದ ಮೇಲೆ ನಾನು ಅಷ್ಟು ನಕ್ಕದ್ದು ಅವತ್ತೇ.

ಎರಡು ಹಾಳೆಯನ್ನೂ ಜೋಡಿಸಿ ನೋಡಿದರು. ಅತ್ತೆಯ ಹಾಳೆಗಿಂತ ನನ್ನದರಲ್ಲೇ ಮರೆವು ಜಾಸ್ತಿ ಇತ್ತು. "ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರಾ?" ಎಂದು ಕೇಳಿದರು. ಮೂರ್ಛೆಯೂ ಮರೆಸುತ್ತದಂತೆ, ಮಾತ್ರೆಯೂ ಸ್ವಲ್ಪ ಮಂಕು ಮಾಡುತ್ತದಂತೆ. ದುಃಖದಲ್ಲಿರುವವರಿಗೆ ತಮ್ಮ ಮರೆವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದಂತೆ. ಮಾತ್ರೆ ತಪ್ಪಿಸಬೇಡ, ನಿದ್ದೆಗೆಡಬೇಡ, ಸಾಮಾನು ಇಟ್ಟ ಜಾಗದಲ್ಲೇ ಇಡು ಅಂದರು. ಕ್ಯಾನಿಗೆ ಈಗ ಇವರು ಬಾಗಿಲ ಹಿಂದೆ ಒಂದು ಮೊಳೆ ಹೊಡೆದಿದ್ದಾರೆ.

ಕೊನೆಗೆ ನಾನೇ ಒಂದು ಪ್ರಶ್ನೆ ಕೇಳಿದೆ. ಹೋದ ನೆನಪು ತಿರುಗಿ ಬರುತ್ತದಾ? ಕೆಲವು, ಯಾರಾದರೂ ಎತ್ತಿಕೊಟ್ಟರೆ ಬರುತ್ತವೆ ಅಂದರು ಡಾಕ್ಟರಮ್ಮ. ದೊಡ್ಡ ಮೂರ್ಛೆಗೆ ಹತ್ತಿರದಲ್ಲಿ ನಡೆದದ್ದು ತಲೆಯಲ್ಲಿ ಕೂತೇ ಇರುವುದಿಲ್ಲ, ಅದನ್ನು ಎಲ್ಲಿ ಹುಡುಕುವುದು ಅಂದರು. ಹೆಪ್ಪು ಹಾಕಿದ ಹಾಲು ಗಟ್ಟಿಯಾಗುವ ಮೊದಲೇ ಪಾತ್ರೆ ಅಲ್ಲಾಡಿದ ಹಾಗೆ ಎಂದು ನಾನು ತಿಳಿದುಕೊಂಡೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಗೌರಿ ಹಬ್ಬಕ್ಕೆ ಬಾ. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳು ಚೆನ್ನಾಗಿ ಓದಲಿ, ನೂರು ಕಾಲ ಬಾಳಲಿ.

ನಿನ್ನ ತಂಗಿ
ಪ್ರಮೀಳಾ

ತಾ.ಕ.: ಕಾಗದ ಮಡಿಸಿ, ಮತ್ತೆ ಬಿಚ್ಚಿದೆ. ಅಕ್ಕ, ಅವ್ವ ಹೇಳಿದ ಮಾತನ್ನು ನಾನು ನಿನ್ನಿಂದ ಮುಚ್ಚಿಟ್ಟುಕೊಂಡಿಲ್ಲ. ಅದು ನನ್ನ ಹತ್ತಿರ ಇಲ್ಲ. ಅವಳ ಕೈ ನನ್ನ ಕತ್ತಿನ ಮೇಲಿದ್ದದ್ದು, ಉಸಿರು ಕಿವಿಗೆ ತಾಕಿದ್ದು ನೆನಪಿದೆ. ಮಾತಿಲ್ಲ. ಮಣ್ಣು ಮಾಡಿ ಬಂದ ಸಂಜೆ ಒಂದರ ಹಿಂದೆ ಒಂದು ಮೂರ್ಛೆ ಬಂದಾಗ ನನ್ನ ತಲೆ ಹಿಡಿದುಕೊಂಡಿದ್ದವಳು ನೀನೇ ಅಂತೆ. ನೀನು ಮಾಕವಳ್ಳಿಯಿಂದ ಬರುವಷ್ಟರಲ್ಲಿ ಅವ್ವ ಇರಲಿಲ್ಲ. ನಿನಗೆ ಹೇಳು ಎಂದೇ ಅವಳು ಹೇಳಿದ್ದಿರಬಹುದು. ಇವರು ನನಗೆ, ಏನಾದರೂ ಒಳ್ಳೆಯ ಮಾತು ನೀನೇ ಬರೆದುಬಿಡು, ಅಕ್ಕನಿಗೆ ಸಮಾಧಾನ ಆಗುತ್ತದೆ ಎಂದು ಹೇಳಿದರು. ಅವ್ವನ ಬಾಯಿಂದ ಬರದ ಮಾತನ್ನು ನಿನಗೆ ಹೇಗೆ ಕೊಡಲಿ? ನಾಳೆ ಸೋಮವಾರ, ಟಪಾಲು ಬೆಳಗ್ಗೆ ಹತ್ತಕ್ಕೆ ಹೊರಡುತ್ತದೆ; ಡೈರಿಗೆ ಹೋಗುವಾಗ ಇದನ್ನು ಹೀಗೇ ಹಾಕಿಬಿಡುತ್ತೇನೆ.