ಓದದೆ ಬಿಟ್ಟ ಸಾಲುಗಳು

ಮೇಚೇರಿ,
೯ ಆಗಸ್ಟ್ ೨೦೦೯

ಪ್ರೀತಿಯ ತಮ್ಮ ಚೆನ್ನಕೇಶವನಿಗೆ,

ನಿನ್ನ ಕಾಲಿನ ಬೊಬ್ಬೆಗಳು ಮಾಯ್ದವೇ? ಬೂಟು ಬದಲಾಯಿಸಿ ಕೊಟ್ಟರೇ? ಆಫ್ಘಾನಿಸ್ತಾನದ ಬಿಸಿಲಿಗೆ ಬಾಟಲಿಯ ನೀರು ಕಾಫಿಯಷ್ಟು ಬಿಸಿಯಾಗುತ್ತದೆ, ಒದ್ದೆ ಕಾಲುಚೀಲದೊಳಗಿಟ್ಟು ಗಾಳಿಗೆ ನೇತುಹಾಕುತ್ತೇವೆ ಎಂದು ಬರೆದಿದ್ದೆ. ಹಾಗೆಯೇ ಮಾಡು, ನೀರು ಕುಡಿಯುವುದನ್ನು ಮಾತ್ರ ಬಿಡಬೇಡ. ಅಮ್ಮನ ಸಕ್ಕರೆ ಹಿಡಿತದಲ್ಲಿದೆ. ನನ್ನ ಬೆನ್ನುನೋವು ಮಗ್ಗದಲ್ಲಿ ಕೂರುವಷ್ಟು ದಿನ ಇರುವಂಥದ್ದು. ಕ್ಷೇಮ ವಿಚಾರಿಸಿದ್ದಾಯಿತು. ಇನ್ನು ಬೈಯುತ್ತೇನೆ, ಪೂರ್ತಿ ಓದು.

ನಿನ್ನ ಕಾಗದ ಶುಕ್ರವಾರ ಬಂತು. ಯಾವಾಗಿನಂತೆ ಅಮ್ಮ ಕೈಕಾಲು ತೊಳೆದು ಬಂದು ನನ್ನೆದುರು ಕೂತಳು. ಈ ತಮಿಳು ಊರಿನಲ್ಲಿ ಅಪ್ಪ ಕನ್ನಡದ ಅಕ್ಷರ ಕಲಿಸಿದ್ದು ನಮ್ಮಿಬ್ಬರಿಗೆ ಮಾತ್ರ, ಹಾಗಾಗಿ ಓದಿ ಹೇಳುವ ಕೆಲಸ ನನ್ನದೇ. ಮರಳುಚೀಲ ತುಂಬಿದ್ದು, ಪಾಯಿಖಾನೆಯ ಡ್ರಮ್ಮಿಗೆ ಡೀಸೆಲ್ ಸುರಿದು ಸುಡುವ ಸರದಿ ನಿನಗೆ ಬಂದದ್ದು, ಪೊಟ್ಟಣದ ಅನ್ನಕ್ಕೆ ಇಲ್ಲಿಂದ ಒಯ್ದ ಪರುಪ್ಪು ಪುಡಿ, ಅದೇ ನಮ್ಮ ಬೇಳೆಪುಡಿ, ಕಲಸಿದ್ದು, ನಿನ್ನ ಇಂಗ್ಲೆಂಡಿನ ಗೆಳೆಯ ಡ್ಯಾನಿ ಅದನ್ನು ತಿಂದು ಖಾರಕ್ಕೆ ಕಣ್ಣೀರು ಸುರಿಸಿದ್ದು, ಇಷ್ಟನ್ನು ಓದಿದೆ. ಅಮ್ಮ ನಕ್ಕಳು. ಆಮೇಲಿನ ಎಂಟು ಸಾಲನ್ನು ಮನಸ್ಸಿನಲ್ಲೇ ಓದಿಕೊಂಡು ಕಾಗದ ಮಡಿಸಿದೆ. ಗಸ್ತಿನಲ್ಲಿ ಎಲ್ಲರಿಗಿಂತ ಮುಂದೆ ಯಂತ್ರ ಹಿಡಿದು, ನೆಲದಲ್ಲಿ ಹೂತ ಬಾಂಬು ಹುಡುಕುತ್ತಿದ್ದವನು ಅದೇ ಡ್ಯಾನಿಯಂತೆ. ಬಲಗಾಲು ಮಂಡಿಯ ಕೆಳಗೆ ಹೋಯಿತಂತೆ. ಹೆಲಿಕಾಪ್ಟರ್ ಬರುವವರೆಗೆ ನೀನು ಅವನ ತೊಡೆಗೆ ಪಟ್ಟಿ ಬಿಗಿದು ಹಿಡಿದಿದ್ದೆಯಂತೆ. ಅಷ್ಟು ಬರೆದ ಕೈಯಲ್ಲೇ ತಮಾಷೆ ಮಾಡಿದ್ದೀಯ: ‘ಆ ಮಿಷಿನ್ ಈಗ ನನ್ ಕೈಯಾಗೈತೆ ಅಕ್ಕ, ನಾನೇ ಕೇಳಿ ಇಸ್ಕೊಂಡೆ. ಕೊನೆಗೂ ನಿನ್ ತಮ್ಮ ಎಲ್ರಿಗಿಂತ ಮುಂದೆ ಓಗ್ತಾವ್ನೆ.’

ಕೇಳಿ ಇಸಕೊಂಡೆಯಾ? ಯಾರನ್ನು ಕೇಳಿ? ಮಾರ್ಚಿನಲ್ಲಿ ರಜೆ ಮುಗಿಸಿ ನೀನು ವಿಮಾನಕ್ಕೆ ಹೊರಟ ದಿನ ತೊಪ್ಪೂರು ಘಾಟಿನಲ್ಲಿ ಲಾರಿಗಳ ಹಿಂದೆ ನಮ್ಮ ಬಸ್ಸು ನಿಂತಿತ್ತಲ್ಲ, ಆಗ ಅಮ್ಮನ ಕೈ ಹಿಡಿದು ಏನಂದೆ? ‘ಅಡಿಗೆ ವೇಲೆ ಕಣಮ್ಮ, ಗನ್ನು ಗಿನ್ನು ಎಲ್ಲ ಬೇರೆಯವ್ರ್ಗೆ’ ಅಂದೆ. ಇಂಗ್ಲೆಂಡಿಗೆ ಹೋದ ಮಗ ಬ್ರಿಟಿಷ್ ಸೈನ್ಯ ಸೇರಿ ಅಡಿಗೆ ಕೆಲಸದ ಸೌಟು ಹಿಡಿದಿದ್ದಾನೆಂದು ಅವಳು ನೆಮ್ಮದಿಯಾದಳು. ಅಲ್ಲಿಗೆ ಹೋದಮೇಲೆ ನಿಜ ಬರೆದದ್ದು ನನಗೊಬ್ಬಳಿಗೆ. ಅಂದಿನಿಂದ ನಿನ್ನ ಸುಳ್ಳಿಗೆ ನಾನು ಕೂಲಿ. ಕಾವಲಿನ ಗೋಪುರದಲ್ಲಿ ನಾಲ್ಕು ಗಂಟೆ ನಿಂತೆ ಎಂದು ನೀನು ಬರೆದರೆ ನಾಲ್ಕು ಗಂಟೆ ಈರುಳ್ಳಿ ಹೆಚ್ಚಿದೆ ಎಂದು ಓದುತ್ತೇನೆ. ಸಂತೆಯಲ್ಲಿ ಕುಪ್ಪುಸ್ವಾಮಿ ಮಾವ ಸಿಕ್ಕಿ, ‘ನಿನ್ ತಂಬಿ ಅಲ್ಲಿ ಬಿರಿಯಾನಿ ಮಾಡ್ತಾನಾ?’ ಎಂದರೆ ಹೂಂ ಅನ್ನುತ್ತೇನೆ. ಮನೆಗೆ ಬಂದು ಮಗ್ಗದ ಮುಂದೆ ಕೂತರೆ ತಪ್ಪಿದ ಎಳೆಗಳನ್ನು ಬಿಚ್ಚಿ ಮತ್ತೆ ನೇಯುತ್ತೇನೆ. ಡ್ಯಾನಿಗಾಗಿ ನನಗೂ ಸಂಕಟವಿದೆ. ಆದರೆ ನೀನು ಅವನ ಜಾಗದಲ್ಲಿ ನಡೆದರೆ ಅವನ ಕಾಲು ಬರುತ್ತದೆಯೇ? ಬಾಂಬಿನ ಮೇಲೆ ನಡೆಯಲು ನಿನಗೆ ಧೈರ್ಯವಿದೆ, ಹೆತ್ತವಳಿಗೆ ನಿಜ ಹೇಳಲು ಇಲ್ಲ. ಅದಕ್ಕೆ ಅಕ್ಕ ಬೇಕು. ನಾಳೆ ನಿನಗೆ ಏನಾದರೂ ಆದರೆ ಅದನ್ನು ಯಾವ ಈರುಳ್ಳಿಯ ಮಾತಿನಲ್ಲಿ ಓದಿ ಹೇಳಲಿ? ನನ್ನಿಂದ ಆಗದು ಕೇಶವ. ಮುಂದಿನ ಕಾಗದವನ್ನು ನಾನು ಒಡೆಯುವುದಿಲ್ಲ.

ನೆಲ ನೋಡಿಕೊಂಡು ನಡೆ, ಅವಸರ ಮಾಡಬೇಡ. ನಮ್ಮ ಆಶೀರ್ವಾದ ನಿನಗಿದೆ. ನನ್ನದರಲ್ಲಿ ಸಿಟ್ಟೂ ಬೆರೆತಿದೆ, ಎರಡನ್ನೂ ತೆಗೆದುಕೋ.

ನಿನ್ನ ಅಕ್ಕ,
ಗಂಗಾಲಕ್ಷ್ಮಿ

ಮರುಬರಹ: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ನಿನ್ನ ಕಾಗದವನ್ನು ನನ್ನ ಮುಂದಿಟ್ಟಳು. ‘ನಿನ್ ಕಣ್ಣು ಕೆಳಗಿನ್ವರ್ಗೂ ಓಗ್ತೈತೆ, ಬಾಯಿ ನಡುವೇನೇ ನಿಂತೋಗ್ತೈತೆ. ಮೊದಲ್ನೇ ಕಾಗದದಿಂದ ನೋಡ್ತಾ ಇವ್ನಿ. ಬಿಟ್ಟಿದ್ದೆಲ್ಲ ಓದು’ ಅಂದಳು. ಐದು ತಿಂಗಳ ಕಾಗದಗಳನ್ನೂ ಓದಿದೆ. ಅವಳು ಅಳಲಿಲ್ಲ. ಇನ್ನುಮುಂದೆ ಅವಳ ಹೆಸರಿಗೇ ಬರೆಯಬೇಕಂತೆ, ಏನನ್ನೂ ಮುಚ್ಚಿಡಬಾರದಂತೆ. ಆಮೇಲೆ ಕೇಳಿದಳು: ‘ಆ ಡ್ಯಾನಿಗೆ ಅವ್ವ ಅವ್ಳಾ? ಇದ್ರೆ ಅವ್ಳ ಅಡ್ರೆಸ್ ಕಳಿಸಕ್ಕೇಳು. ನಾ ಹೇಳ್ತೀನಿ, ನೀ ಬರಿ.’